ಗಾಯದ ಮೇಲೆಯೇ ಅಚ್ಚಾಗುವ ಚರ್ಮ
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ, ಬಿಪಿ, ಶುಗರ್ ವಿಷಯ ನನ್ನಿಂದ ಬೇಡ ಎಂದೆ. ಅದನ್ನು ನೀವು ಪ್ರತಿ ವರ್ಷ ಕೇಳುತ್ತೀರಿ. ನಾನು ಇಪ್ಪತ್ತೆರಡು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ನನಗೆ ಗೊತ್ತಿರುವುದು ಚರ್ಮದ ಸಂಗತಿ.

ಮದುವೆಯಾಗಿ ಈ ವಾಗ್ಳೆ ಎಸ್ಟೇಟಿಗೆ ಬಂದಾಗ ನಮ್ಮ ಚಾಳಿನಲ್ಲಿ ಎಲ್ಲರದ್ದೂ ಸೀಮೆಎಣ್ಣೆ ಪಂಪ್ ಸ್ಟವ್. ನೆಲದ ಮೇಲೆ ಸ್ಟವ್, ಮೈಮೇಲೆ ನೈಲಾನ್ ಸೀರೆ. ನಮ್ಮ ವಾರ್ಡಿಗೆ ಬರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. 'ಸ್ಟವ್ ಸಿಡಿಯಿತು' ಎನ್ನುತ್ತಿದ್ದರು. ಎಲ್ಲ ಸ್ಟವ್‌ಗಳೂ ತಾವಾಗಿಯೇ ಸಿಡಿದವಲ್ಲ ಎಂಬುದು ನಿಮಗೂ ಗೊತ್ತು. ಅದು ಇನ್ನೊಂದು ಭಾಷಣ.

ಆಳವಾಗಿ ಸುಟ್ಟ ಜಾಗದಲ್ಲಿ ಚರ್ಮ ತಾನಾಗಿ ಹುಟ್ಟುವುದಿಲ್ಲ. ರೋಗಿಯ ತೊಡೆಯಿಂದಲೇ ತೆಳುವಾದ ಪದರ ತೆಗೆದು ಅಲ್ಲಿ ಹಚ್ಚುತ್ತಾರೆ. ಇದಕ್ಕೆ ಗ್ರಾಫ್ಟ್ ಎನ್ನುತ್ತಾರೆ. ಡಾಕ್ಟರರು ರೌಂಡಿಗೆ ಬಂದಾಗ ಸುಟ್ಟ ಜಾಗ ನೋಡುತ್ತಾರೆ. ರಾತ್ರಿ ಪಾಳಿಯಲ್ಲಿ ನಮ್ಮನ್ನು ಕರೆಯುವ ಹೆಂಗಸು ಮಾತ್ರ 'ಸಿಸ್ಟರ್, ತೊಡೆ ಉರಿಯುತ್ತದೆ' ಎಂದು ಅಳುತ್ತಾಳೆ. ಚರ್ಮ ತೆಗೆದ ಜಾಗದ ನೋವು ಹಾಗಿರುತ್ತದೆ. ಇನ್ನು ಅರ್ಧ ಮೈಯೇ ಸುಟ್ಟವಳಿಗೆ ತೆಗೆಯಲು ಚರ್ಮವಾದರೂ ಎಲ್ಲಿ ಉಳಿದಿರುತ್ತದೆ?

ಈ ಪ್ರಶ್ನೆಗೇ ವಿಜ್ಞಾನಿಗಳು ಉತ್ತರ ಹುಡುಕುತ್ತಿರುವುದು. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬವರು ಮನುಷ್ಯನ ಚರ್ಮದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸಿದರು. ಅಂಚೆಚೀಟಿಯಷ್ಟು ಚರ್ಮದಿಂದ ದೊಡ್ಡ ಹಾಳೆ ಬೆಳೆಯಬಹುದು, ಆದರೆ ಸುಮಾರು ಮೂರು ವಾರ ಬೇಕು. ಆಸ್ಟ್ರೇಲಿಯದ ಫಿಯೋನಾ ವುಡ್ ಎಂಬ ಡಾಕ್ಟರಮ್ಮ ಹಾಳೆಗೆ ಕಾಯುವ ಬದಲು ಜೀವಕೋಶಗಳನ್ನೇ ಗಾಯದ ಮೇಲೆ ಸ್ಪ್ರೇ ಮಾಡುವ ದಾರಿ ಕಂಡುಕೊಂಡರು. 2002ರ ಬಾಲಿ ಬಾಂಬ್ ಸ್ಫೋಟದಲ್ಲಿ ಸುಟ್ಟವರಿಗೆ ಚಿಕಿತ್ಸೆ ಮಾಡಿದ್ದು ಇವರ ತಂಡವೇ.

ಈಗ ಅದರ ಮುಂದಿನ ಹೆಜ್ಜೆ, ಮೈಮೇಲೆಯೇ ಮುದ್ರಣ. ಚಕ್ಕುಲಿ ಒರಳು ನೆನಪು ಮಾಡಿಕೊಳ್ಳಿ. ಒರಳಿನಲ್ಲಿ ಹಿಟ್ಟಿನ ಬದಲು ರೋಗಿಯದ್ದೇ ಜೀವಕೋಶ ಬೆರೆಸಿದ ಲೋಳೆ. ಬಾಣಲೆಯ ಬದಲು ಗಾಯ. ಅಮೆರಿಕದ ವೇಕ್ ಫಾರೆಸ್ಟ್ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಯಂತ್ರ ಮೊದಲು ಗಾಯವನ್ನು ಸ್ಕ್ಯಾನ್ ಮಾಡಿ ಎಲ್ಲಿ ಎಷ್ಟು ಆಳ ಎಂದು ಅಳೆಯುತ್ತದೆ. ಆಮೇಲೆ ಕೆಳಪದರದ ಕೋಶಗಳನ್ನು ಕೆಳಗೆ, ಮೇಲ್ಪದರದ್ದನ್ನು ಮೇಲೆ ಇಡುತ್ತದೆ. ಲೋಳೆ ಗಟ್ಟಿಯಾಗುವುದು ನಮ್ಮ ರಕ್ತ ಹೆಪ್ಪುಗಟ್ಟುವ ರೀತಿಯಲ್ಲೇ. ಟೊರಾಂಟೊದವರು 2018ರಲ್ಲಿ ತೋರಿಸಿದ್ದು ಕೈಯಲ್ಲಿ ಹಿಡಿಯುವಂಥದ್ದು. ಸೆಲ್ಲೋಟೇಪ್ ಎಳೆದ ಹಾಗೆ ಚರ್ಮದ ಪಟ್ಟಿ ಎಳೆಯುತ್ತದೆ. ಇವೆಲ್ಲ ಇಲಿ, ಹಂದಿಗಳ ಮೇಲೆ ನಡೆದ ಪ್ರಯೋಗಗಳು. 2025ರಲ್ಲಿ ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್‌ನವರು ಇನ್ನೂ ಮುಂದೆ ಹೋಗಿ, ಮೈ ಕೊಯ್ಯದೆ, ಸೋನೋಗ್ರಫಿಯಲ್ಲಿ ಬಳಸುವಂಥ ಶಬ್ದದ ಅಲೆಗಳಿಂದಲೇ ಪ್ರಾಣಿಯ ದೇಹದೊಳಗೆ ಲೋಳೆಯನ್ನು ಬೇಕಾದ ಆಕಾರಕ್ಕೆ ಗಟ್ಟಿ ಮಾಡಿದರು.

ಮನುಷ್ಯರ ಮೇಲೆ? ಸಿಡ್ನಿಯ ಕಾನ್ಕಾರ್ಡ್ ಆಸ್ಪತ್ರೆಯಲ್ಲಿ ಪ್ರಯೋಗ ಶುರುವಾಗಿದೆ. ಅವರು ಮೊದಲು ಆರಿಸಿಕೊಂಡ ಗಾಯ ಯಾವುದು ಗೊತ್ತೇ? ಗ್ರಾಫ್ಟಿಗೆಂದು ಚರ್ಮ ತೆಗೆದ ಜಾಗ. ಆ ಸುದ್ದಿ ಓದಿ ನಾನು ಸ್ವಲ್ಪ ಹೊತ್ತು ಪೇಪರ್ ಮಡಚಿಟ್ಟು ಕುಳಿತೆ. ನನ್ನ ರಾತ್ರಿ ಪಾಳಿಯ ಹೆಂಗಸರ ಅಳು ಯಾರಿಗೋ ಕೇಳಿಸಿತಲ್ಲ!

ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಪ್ಯಾಂಡೋರಂ ಕಂಪನಿ 2015ರಲ್ಲೇ ಯಕೃತ್ತಿನ ಅಂಗಾಂಶ ಮುದ್ರಿಸಿತು. ಹೈದರಾಬಾದಿನಲ್ಲಿ 2022ರಲ್ಲಿ ಮುದ್ರಿಸಿದ ಕಾರ್ನಿಯಾವನ್ನು ಮೊಲದ ಕಣ್ಣಿಗೆ ಹಾಕಿ ನೋಡಿದರು. ಅವೆಲ್ಲ ಹೊರಗೆ ಅಚ್ಚಾದವು, ಮೈಮೇಲೆ ಅಲ್ಲ.

ಆದರೆ ಒಂದು ಮಾತು. ವೇಕ್ ಫಾರೆಸ್ಟ್ ಯಂತ್ರಕ್ಕೂ ಶಾಯಿ ಬೇಕು, ಆ ಶಾಯಿ ರೋಗಿಯ ಕೋಶಗಳನ್ನು ಬೆಳೆಸಿಯೇ ಆಗಬೇಕು. ಅಷ್ಟು ದಿನ ತೆರೆದ ಗಾಯದಿಂದ ನೀರು ಸೋರುತ್ತಿರುತ್ತದೆ, ಸೋಂಕು ಒಳಗೆ ಹೋಗುತ್ತಿರುತ್ತದೆ. ನಮ್ಮ ವಾರ್ಡಿನಲ್ಲಿ ಹೆಚ್ಚಿನವರು ಬೆಂಕಿಯ ದಿನ ಸತ್ತವರಲ್ಲ, ಆಮೇಲಿನ ವಾರಗಳಲ್ಲಿ ಹೋದವರು. ಆ ವಾರಗಳನ್ನು ದಾಟಿಸುವುದು ಸತ್ತವರು ಕೊಟ್ಟ ಚರ್ಮ. ಅದು ಶಾಶ್ವತವಾಗಿ ಕೂರುವುದಿಲ್ಲ, ಎರಡು ಮೂರು ವಾರಕ್ಕೆ ಕಳಚುತ್ತದೆ. ಅಷ್ಟರೊಳಗೆ ಕೆಳಗಿನ ಗಾಯ ಸಿದ್ಧವಾಗಿರುತ್ತದೆ.

ಚರ್ಮದ ಬ್ಯಾಂಕ್ ದೂರವೇನಿಲ್ಲ. ಖಾಡಿಯ ಆಚೆ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರಿನಲ್ಲಿದೆ, ಸಯನ್ ಆಸ್ಪತ್ರೆಯಲ್ಲೂ ಇದೆ. ಸತ್ತ 6 ಗಂಟೆಯೊಳಗೆ ಮನೆಗೇ ಬಂದು ತೆಗೆಯುತ್ತಾರೆ. ರಕ್ತದ ಗುಂಪು ಹೊಂದಬೇಕಾಗಿಲ್ಲ. ತೊಡೆ, ಕಾಲು, ಬೆನ್ನಿನ ಮೇಲ್ಪದರ ಮಾತ್ರ. ಗ್ಲಿಸರಾಲ್‌ನಲ್ಲಿಟ್ಟರೆ 5 ವರ್ಷ ಇರುತ್ತದೆ.

ನಮ್ಮ ಅತ್ತೆ ತೀರಿಕೊಂಡಾಗ ಅವರಿಗೆ ಎಂಬತ್ತೊಂದು. ಬದುಕಿದ್ದಾಗಲೇ 'ನನ್ನ ಸುಕ್ಕುಚರ್ಮ ಯಾರಿಗೆ ಬೇಕು ಮಾರಾಯ್ತಿ' ಎಂದು ನಗುತ್ತಲೇ ಒಪ್ಪಿದ್ದರು. ಅಂದು ಮಾತ್ರ ಊರಿನಿಂದ ಫೋನಿನ ಮೇಲೆ ಫೋನು. ಹೆಣ ಕೆಡಿಸುತ್ತೀರಾ, ಅವರಿಗೆ ಸದ್ಗತಿ ಸಿಗುತ್ತದಾ ಎಂದು ನಾದಿನಿ ಅತ್ತರು. ನಮ್ಮ ಯಜಮಾನರು ಬಾಗಿಲ ಹತ್ತಿರ ನಿಂತು ಏನೂ ಹೇಳದೆ ನನ್ನ ಮುಖ ನೋಡಿದರು. ಗಡಿಯಾರ ನೋಡುತ್ತಾ ನಾನೇ ಫೋನ್ ಮಾಡಿದೆ. ತಂಡ ಬಂತು, ಒಳಕೋಣೆಯ ಬಾಗಿಲು ಹಾಕಿಕೊಂಡಿತು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಬ್ಯಾಂಡೇಜ್ ಸುತ್ತಿದ ಕಾಲಿನ ಮೇಲೆ ನಾನೇ ಅವರ ಹಸಿರು ಇಳಕಲ್ ಸೀರೆ ಉಡಿಸಿದೆ. ನೋಡಲು ಬಂದವರಿಗೆ ಏನೂ ತಿಳಿಯಲಿಲ್ಲ.

ನಾದಿನಿ ವರ್ಷಾಂತಕ ಮುಗಿಯುವವರೆಗೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕಳೆದ ಗಣೇಶ ಚತುರ್ಥಿಗೆ ಬಂದಿದ್ದಾಗ, ಮೋದಕ ಮಡಚುತ್ತಾ, ಆ ಫಾರ್ಮು ಮರಾಠಿಯಲ್ಲಿ ಮಾತ್ರ ಇರುತ್ತದಾ ಎಂದು ಕೇಳಿದರು.