ಪಾಳಿ ಬದಲಾದರೆ ಬಿಟ್ಟು ಹೋಗಬೇಡಿ
(ಮುಂಬಯಿಯ ಹೋಟೆಲು ಹಾಗೂ ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಾಲಿಕರು ಪಾಳಿ ಬದಲಿಸಿದರೆಂಬ ದೂರು ಹೊತ್ತು ನಮ್ಮ ಸಂಘದ ಮೆಟ್ಟಿಲು ಹತ್ತುವವರಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಹಲವರು ಬರುವ ಹೊತ್ತಿಗೆ ಕೆಲಸ ಬಿಟ್ಟಾಗಿರುತ್ತದೆ. ಆಮೇಲೆ ಕೇಳುತ್ತಾರೆ: “ಅಣ್ಣಾ, ಕೆಲಸ ಹೋದವರಿಗೆ ಸರಕಾರದಿಂದ ಭತ್ಯೆ ಸಿಗುತ್ತದಂತಲ್ಲ, ನನಗೂ ಸಿಕ್ಕೀತೇ?” ಆ ಪ್ರಶ್ನೆಗೇ ಇಂದು ಉತ್ತರ ಹೇಳೋಣ.

ಪಾಳಿ ಬದಲಾಗುವುದು ಸಣ್ಣ ಸಂಗತಿ ಎಂದು ಯಾರೂ ತಿಳಿಯಬಾರದು. ಬೆಳಗಿನ ಜಾವ ಎದ್ದು ತಿಂಡಿಯ ಹೊತ್ತಿನ ಗಿರಾಕಿಗಳನ್ನು ನೋಡಿಕೊಂಡು, ಸಂಜೆ ರಾತ್ರಿಶಾಲೆಗೆ ಹೋಗುವ ಹುಡುಗನನ್ನು ಸಂಜೆಯ ಪಾಳಿಗೆ ಹಾಕಿದರೆ ಅವನ ಶಾಲೆಯೇ ತಪ್ಪಿತು. ನಮ್ಮವರು ಎಷ್ಟೋ ಜನ ಈ ನಗರದ ರಾತ್ರಿಶಾಲೆಗಳಲ್ಲಿ ಓದಿಯೇ ಮೇಲೆ ಬಂದವರು. ಗಿರಣಿಯಲ್ಲಿ ಗಂಡನದು ಒಂದು ಪಾಳಿ, ಹೆಂಡತಿ ಬೇರೆ ಕಡೆ ದುಡಿಯುವುದು ಇನ್ನೊಂದು ಹೊತ್ತು. ಒಂದು ಪಾಳಿ ಸರಿದರೆ ಮಕ್ಕಳನ್ನು ನೋಡುವವರಿಲ್ಲ. ಹೀಗಿರುವಾಗ ಸಿಟ್ಟು ಬರುವುದು ಸಹಜವೇ. ಆದರೆ ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು.

ಮೊದಲು ಭತ್ಯೆಯ ವಿಷಯ. ನಮ್ಮ ದೇಶದಲ್ಲಿ ಕೆಲಸ ಹೋದ ಎಲ್ಲರಿಗೂ ಹಣ ಕೊಡುವ ಏರ್ಪಾಡಿಲ್ಲ. ಇ.ಎಸ್.ಐ. ಕಟ್ಟುವವರಿಗೆ ಮಾತ್ರ 2018ರ ಜುಲೈ 1ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದು ಬಂತು. ಆರಂಭದಲ್ಲಿ ಸರಾಸರಿ ದಿನಗಳಿಕೆಯ ಕಾಲುಭಾಗ ಕೊಡುತ್ತಿದ್ದರು. 2020ರ ಮಾರ್ಚ್ 24ರಿಂದ ಅದನ್ನು ಅರ್ಧಕ್ಕೆ ಏರಿಸಿದರು. ದಿನಕ್ಕೆ 500 ರೂಪಾಯಿ ಗಳಿಸುತ್ತಿದ್ದವನಿಗೆ 250 ರೂಪಾಯಿ, ಹೆಚ್ಚೆಂದರೆ 90 ದಿನ, ಅಂದರೆ ಒಟ್ಟು 22,500 ರೂಪಾಯಿ. ಅದೂ ಜೀವಮಾನದಲ್ಲಿ ಒಂದು ಸಲ. ಕನಿಷ್ಠ ಎರಡು ವರ್ಷ ವಿಮೆಯ ಕೆಲಸದಲ್ಲಿರಬೇಕು. ಕೆಲಸ ಹೋಗುವ ಮೊದಲಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಆ ಎರಡು ವರ್ಷಗಳ ಉಳಿದ ಮೂರು ಅವಧಿಗಳಲ್ಲಿ ಒಂದರಲ್ಲಿ ಇನ್ನೊಂದು 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ. ಈ ಯೋಜನೆಯನ್ನು ಅವಧಿ ಅವಧಿಗೆ ಮುಂದುವರಿಸುತ್ತ ಬಂದಿದ್ದಾರೆ; ಆದ್ದರಿಂದ ಅರ್ಜಿ ಹಾಕುವ ಮುನ್ನ ಇ.ಎಸ್.ಐ. ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಈಗ ಮುಖ್ಯ ಮಾತು. ತಾನಾಗಿ ಕೆಲಸ ಬಿಟ್ಟವನಿಗೆ ಈ ಭತ್ಯೆ ಇಲ್ಲ. ದುರ್ನಡತೆಗಾಗಿ ತೆಗೆದುಹಾಕಲ್ಪಟ್ಟವನಿಗೂ ಇಲ್ಲ. ಪಾಳಿ ಬದಲಾದ ದಿನ ಏಪ್ರನ್ ಬಿಸಾಡಿ ಹೊರಟವನ ಹೆಸರಿನ ಮುಂದೆ “ತಾನಾಗಿ ಬಿಟ್ಟ” ಎಂದು ಬರೆಯಲು ಮಾಲಿಕರಿಗೆ ಒಂದು ನಿಮಿಷ ಸಾಕು. ಲೆಕ್ಕ ಚುಕ್ತಾ ಮಾಡುವ ನೆಪದಲ್ಲಿ ಒಂದು ಕಾಗದ ಮುಂದಿಟ್ಟು “ಇಲ್ಲೊಂದು ಸಹಿ ಹಾಕಪ್ಪ” ಎಂದರೆ, ಓದದೆ ಹಾಕಿದ ಆ ಸಹಿಯೇ ರಾಜೀನಾಮೆಯಾಗುತ್ತದೆ. ಹೋಗುವುದು ಭತ್ಯೆ ಒಂದೇ ಅಲ್ಲ. ಒಂದು ವರ್ಷ ಬಿಡದೆ ದುಡಿದವನನ್ನು ಮಾಲಿಕರೇ ಕೆಲಸದಿಂದ ಕಡಿತ ಮಾಡಿದರೆ ಒಂದು ತಿಂಗಳ ನೋಟೀಸು ಅಥವಾ ಅದರ ಪಗಾರ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರವೆಂದು ಕೊಡಬೇಕು. ರಾಜೀನಾಮೆ ಬರೆದುಕೊಟ್ಟವನಿಗೆ ಅದೂ ಇಲ್ಲ.

ಹಾಗಾದರೆ ಮಾಲಿಕರು ಮನಸ್ಸಿಗೆ ಬಂದಂತೆ ಪಾಳಿ ಬದಲಿಸಬಹುದೇ? ಕೂಡದು. 1947ರ ಔದ್ಯೋಗಿಕ ವಿವಾದ ಕಾಯಿದೆಯಲ್ಲಿ ಇದ್ದ ನಿಯಮವೇ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲಿ ಉಳಿದಿದೆ. ಕೆಲಸದ ಗಂಟೆ, ವಿರಾಮದ ಹೊತ್ತು, ಸ್ಥಾಯಿ ಆದೇಶಕ್ಕೆ ಹೊರತಾದ ಪಾಳಿಯ ಬದಲಾವಣೆ, ಇವಕ್ಕೆಲ್ಲ ಮೊದಲು ನೋಟೀಸು ಕೊಡಬೇಕು; ಕೊಟ್ಟು 21 ದಿನ ಆಗುವವರೆಗೆ ಬದಲಿಸಕೂಡದು. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ, ಆದರೆ ಆಗಲೂ ಕುಂದುಕೊರತೆ ಸಮಿತಿಯೊಡನೆ ಸಮಾಲೋಚಿಸಬೇಕು. 20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಆ ಸಮಿತಿ ಇರಲೇಬೇಕು. ಅದರಲ್ಲಿ ಮಾಲಿಕರ ಕಡೆಯವರಷ್ಟೇ ನಮ್ಮವರೂ ಇರಬೇಕು. ಹೆಂಗಸರನ್ನು ಅವರ ಒಪ್ಪಿಗೆ ಇಲ್ಲದೆ ರಾತ್ರಿ ಪಾಳಿಗೆ ಹಾಕುವಂತಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ಗಿರಣಿಯ ಸ್ಥಾಯಿ ಆದೇಶದಲ್ಲಿ ವಾರಕ್ಕೊಮ್ಮೆ ಪಾಳಿ ಸರಿಯುವ ಪದ್ಧತಿ ಬರೆದಿದ್ದರೆ, ಅದರ ಪ್ರಕಾರ ಸರಿಸಿದ್ದು ಅನ್ಯಾಯವಲ್ಲ. ಅದಕ್ಕೆ ನೋಟೀಸು ಕೇಳಿ ಜಗಳ ತೆಗೆದರೆ ನಾವೇ ಸೋಲುತ್ತೇವೆ. ಜಗಳಕ್ಕೆ ಮೊದಲು ಕಾಗದ ನೋಡೋಣ.

ಆದ್ದರಿಂದ ಪಾಳಿ ಬದಲಾದ ದಿನ ಮಾಡಬೇಕಾದ್ದು ಇಷ್ಟು. ಕೆಲಸ ಬಿಡಬೇಡಿ. ಹೊಸ ಪಾಳಿಗೆ ಹಾಜರಾಗಿ, “ಒಪ್ಪಿಗೆಯಿಲ್ಲ, ನೋಟೀಸು ಕೊಟ್ಟಿಲ್ಲ, ನನಗೆ ಇಂಥ ತೊಂದರೆ” ಎಂದು ಎರಡು ಸಾಲು ಬರೆದು ಕೊಡಿ. ಅದರ ನಕಲು ಇಟ್ಟುಕೊಳ್ಳಿ. ಹಾಜರಿ ಬರೆಯದಿದ್ದರೆ, ಬಾಗಿಲಲ್ಲೇ ತಡೆದರೆ, ಅದೇ ದಿನ ದಿನಾಂಕ ಹಾಕಿ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಬರೆದು ಹಾಕಿ: “ನಾನು ಕೆಲಸಕ್ಕೆ ಬಂದೆ, ನೀವು ಒಳಗೆ ಬಿಡಲಿಲ್ಲ.” ತಾನಾಗಿ ಬಿಟ್ಟನೋ ಬಿಡಿಸಿದರೋ ಎಂದು ಮುಂದೆ ಕಾರ್ಮಿಕ ಇಲಾಖೆಯಲ್ಲಿ ತಕರಾರು ಎದ್ದಾಗ ಆ ಅಂಚೆಯ ರಶೀದಿಯೇ ನಿಮ್ಮ ಸಾಕ್ಷಿ. ಇಂಗ್ಲಿಷ್, ಮರಾಠಿ ಬಾರದಿದ್ದರೆ ಸಂಘಕ್ಕೆ ಬನ್ನಿ, ಬರೆದುಕೊಡುತ್ತೇವೆ. ಓದಿ ತಿಳಿಯದ ಯಾವ ಕಾಗದಕ್ಕೂ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಯಾವ ಕಾರಣಕ್ಕೆ ಕೆಲಸ ಹೋದರೂ ಬಾಕಿ ಪಗಾರ ಎರಡು ಕೆಲಸದ ದಿನಗಳೊಳಗೆ ಕೈಗೆ ಬರಬೇಕು; ಅದಕ್ಕಾಗಿ ರಾಜೀನಾಮೆ ಬರೆದುಕೊಡುವ ಅಗತ್ಯವಿಲ್ಲ.

ಇನ್ನು, ಪಗಾರದಲ್ಲಿ ಇ.ಎಸ್.ಐ. ಮುರಿಯುತ್ತಾರೆಯೇ, ಮುರಿದದ್ದನ್ನು ಕಟ್ಟುತ್ತಾರೆಯೇ ಎಂದು ಈ ತಿಂಗಳೇ ನೋಡಿಕೊಳ್ಳಿ. ವಿಮೆಯ ನಂಬರೇ ಇಲ್ಲದ ನಮ್ಮ ಹುಡುಗರು ಎಷ್ಟೋ ಹೋಟೆಲುಗಳ ಒಳಕೋಣೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಾರೆ. ಅವರಿಗೆ ಈ ಭತ್ಯೆಯ ಮಾತೇ ದೂರ. ಪಕ್ಕದಲ್ಲಿ ನಿಂತು ದುಡಿಯುವವನಿಗೆ ನಂಬರು ಇದೆಯೇ ಎಂದು ನಾಳೆ ಕೆಲಸಕ್ಕೆ ಹೋದಾಗ ಕೇಳಿ. ಇಲ್ಲವೆಂದರೆ ಮುಂದಿನ ಸಭೆಗೆ ಅವನನ್ನೂ ಕರೆತನ್ನಿ. ಅವನ ಪಾಳಿಗೆ ಹೊಂದುವ ಹೊತ್ತಿನಲ್ಲೇ ಸಭೆ ಸೇರೋಣ.