ಜ್ವರದ ಭಯವೂ ದಾರಿಯ ತಡೆಯೂ

(ಮೂಡಬಿದಿರೆಯಲ್ಲಿ ನೆರೆದ ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯರಲ್ಲದ ನಮ್ಮನ್ನು ಜ್ವರದ ವಿಷಯವಾಗಿ ನಾಲ್ಕು ಮಾತನಾಡಲು ಕರೆದುದು ತಮ್ಮ ಔದಾರ್ಯ. ನಮ್ಮ ಕಸುಬು ವಕೀಲಿ. ರೋಗಿಯ ನಾಡಿಯನ್ನು ಹಿಡಿದು ನೋಡುವ ವಿದ್ಯೆ ನಮಗೆ ತಿಳಿಯದು. ಆದರೆ ಜ್ವರದ ಸುದ್ದಿ ಬಂದಾಗ ಊರಿನ ನಾಡಿ ಹೇಗೆ ಮಿಡಿಯುವುದೆಂಬುದನ್ನು ಬಂಟ್ವಾಳದ ಕಚೇರಿಯ ಜಗಲಿಯಲ್ಲಿ ನಿಂತು ಹಲವು ಸಲ ಕಂಡಿದ್ದೇವೆ. ಕಂಡುದನ್ನಷ್ಟೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆವು.

2023ನೆಯ ಇಸವಿಯ ಮಾರ್ಚ್ ತಿಂಗಳಿನ ಮಾತು. ಎಚ್3ಎನ್2 ಎಂಬ ಇನ್‌ಫ್ಲುಯೆಂಜಾ ಜ್ವರದಿಂದ ಹಾಸನ ಜಿಲ್ಲೆಯಲ್ಲಿ ವೃದ್ಧರೊಬ್ಬರು ತೀರಿಕೊಂಡರೆಂಬ ವಾರ್ತೆ ಪತ್ರಿಕೆಗಳಲ್ಲಿ ಆಗತಾನೆ ಬಂದಿತ್ತು. ಹಾಸನವೆಂದರೆ ನಮಗೆ ದೂರದ ಊರಲ್ಲ. ಶಿರಾಡಿ ಘಾಟಿಯನ್ನು ಹತ್ತಿದರೆ ಆಚೆ ಕಡೆ ಅದೇ. ನಾವು ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆವು. ಜಕ್ರಿಬೆಟ್ಟು ದಾಟುವಷ್ಟರಲ್ಲಿ ಹಿಂದಿನ ಆಸನದ ಮುದುಕರೊಬ್ಬರಿಗೆ ಕೆಮ್ಮು ಹತ್ತಿತು. ಪಕ್ಕದವರು ಮರ್ಯಾದೆಯಿಂದಲೇ ಕೇಳಿದರು: “ಎಲ್ಲಿಂದ ಬಂದದ್ದು ನೀವು?” ಮುದುಕರು ಸುಳ್ಳು ಹೇಳುವ ಅಭ್ಯಾಸವಿಲ್ಲದವರು. “ಹಾಸನದಿಂದ, ಮಗಳ ಮನೆಗೆ ಹೋಗಿದ್ದೆ” ಎಂದರು. ಅಷ್ಟೇ ಸಾಕಾಯಿತು. “ಇವರನ್ನು ಇಳಿಸಿ ಮಾರಾಯರೇ, ಮಕ್ಕಳು ಇದ್ದಾರೆ ಬಸ್ಸಿನಲ್ಲಿ” ಎಂದು ಒಬ್ಬರು. ಹೌದು ಹೌದೆಂದು ಹತ್ತು ಮಂದಿ. ಮಡಂತ್ಯಾರಿಗೆ ಟಿಕೆಟು ಪಡೆದಿದ್ದ ಆ ವೃದ್ಧರು ವಗ್ಗದಲ್ಲಿ ತಮ್ಮ ಚೀಲದೊಡನೆ ಇಳಿದರು. ಬಿಸಿಲು ಕಾದಿತ್ತು. ಬಸ್ಸು ಹೊರಟಿತು.

ಆಗ ನಾವೇನು ಮಾಡಿದೆವೆಂದು ತಾವು ಕೇಳುವಿರಿ. ಸಂಚಾರದ ಹಕ್ಕಿನ ಮೇಲೆ ನ್ಯಾಯಾಲಯದಲ್ಲಿ ಗಂಟೆಗಟ್ಟಲೆ ವಾದಿಸಬಲ್ಲ ನಾವು ಅಂದು ಬಾಯಿ ತೆರೆಯಲಿಲ್ಲ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತೆವು. ಅವರಿಗಿದ್ದುದು ಆ ಜ್ವರವೋ, ಬರಿಯ ಬೀಡಿಯ ಕೆಮ್ಮೋ, ಯಾರೂ ವಿಚಾರಿಸಲಿಲ್ಲ. ಇಂದಿನ ಭಾಷಣಕ್ಕೆ ಒಪ್ಪಿಕೊಂಡುದಕ್ಕೆ ಆ ಮೌನವೇ ಕಾರಣ.

ಜ್ವರಕ್ಕೆ ಊರಿನ ಹೆಸರನ್ನು ಅಂಟಿಸುವ ಚಾಳಿ ನಮ್ಮೊಬ್ಬರದೇ ಅಲ್ಲ. 1918ರ ಮಹಾಮಾರಿಗೆ ಲೋಕವೆಲ್ಲ ಸ್ಪೇನ್ ದೇಶದ ಹೆಸರಿಟ್ಟಿತು. ಅದು ಹುಟ್ಟಿದುದು ಸ್ಪೇನಿನಲ್ಲೆಂಬುದಕ್ಕೆ ಆಧಾರವಿಲ್ಲ. ಮಹಾಯುದ್ಧದಲ್ಲಿ ತೊಡಗಿದ್ದ ರಾಷ್ಟ್ರಗಳು ತಮ್ಮ ಪತ್ರಿಕೆಗಳ ಬಾಯಿ ಕಟ್ಟಿದ್ದುವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಇದ್ದುದನ್ನು ಇದ್ದಂತೆ ಬರೆದುವು. ನಿಜ ನುಡಿದವನಿಗೇ ಕಳಂಕ ಬಂದಿತು. ವಗ್ಗದಲ್ಲಿ ಇಳಿದ ವೃದ್ಧರಿಗೆ ಆದುದೂ ಇದೇ ಅಲ್ಲವೆ? ಮಂಗಳೂರಿನಿಂದ ಬಂದೆನೆಂದು ಹೇಳಿದ್ದರೆ ಅವರು ಮನೆ ಸೇರುತ್ತಿದ್ದರು. ಮುಂದಿನ ಸಲ ಅವರು ಹಾಗೆಯೇ ಹೇಳಿಯಾರು; ಆ ಪಾಠವನ್ನು ಕಲಿಸಿದವರು ನಾವು.

ಆ 1918ರ ಜ್ವರ ಭರತಖಂಡಕ್ಕೆ ಮುಂಬಯಿಯ ಬಂದರಿನಿಂದ ಕಾಲಿಟ್ಟಿತು. ಜೂನ್ ತಿಂಗಳಲ್ಲಿ ಹಡಗುಕಟ್ಟೆಯ ಪೋಲೀಸರು ಮೊದಲು ಮಲಗಿದರು. ಅಲ್ಲಿಂದ ರೈಲುದಾರಿಗಳನ್ನು ಹಿಡಿದು ಅದು ದೇಶವನ್ನು ಹೊಕ್ಕಿತು. ಮನೆಗೆ ಮರಳುವ ಸಿಪಾಯಿಗಳು, ಅಂಚೆಯ ನೌಕರರು, ರೈಲ್ವೆಯ ಆಳುಗಳು ಅರಿಯದೆಯೇ ಅದರ ವಾಹನರಾದರು. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರ್‌ನಲ್ಲಿ ಎದ್ದ ಎರಡನೆಯ ಅಲೆ ಮುದುಕರನ್ನೂ ಕೂಸುಗಳನ್ನೂ ಮಾತ್ರವಲ್ಲದೆ ಇಪ್ಪತ್ತರಿಂದ ನಲ್ವತ್ತರ ಪ್ರಾಯದ ದುಡಿಯುವ ಜನರನ್ನೇ ಹೆಚ್ಚಾಗಿ ಕೊಂಡೊಯ್ದಿತು. ಆ ವರ್ಷವೇ ಮಳೆಯೂ ಕೈಕೊಟ್ಟಿತು. ಹಿಂದೂಸ್ಥಾನದಲ್ಲಿ ಸತ್ತವರ ಸಂಖ್ಯೆ ಒಂದೂಕಾಲು ಕೋಟಿಯಿಂದ ಎರಡು ಕೋಟಿಯವರೆಗೆ ಇರಬಹುದೆಂದು ವಿದ್ವಾಂಸರ ಲೆಕ್ಕ. 1911ರಿಂದ 1921ರ ವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಏರುವುದರ ಬದಲು ಇಳಿಯಿತು. ಆ ತರುವಾಯದ ಯಾವ ಜನಗಣತಿಯಲ್ಲಿಯೂ ಹಾಗಾದುದಿಲ್ಲ. ಮಹಾತ್ಮರ ಹಿರಿಯ ಸೊಸೆಯೂ ಆ ವರ್ಷ ಅದೇ ಜ್ವರಕ್ಕೆ ಬಲಿಯಾದರು. ಜ್ವರಕ್ಕೆ ಕಾರಣವಾದ ವೈರಾಣುವನ್ನು ಮನುಷ್ಯನಲ್ಲಿ ಗುರುತಿಸಿದುದು 1933ರಲ್ಲಿ. ಅದುವರೆಗೆ ವೈದ್ಯರೂ ಕತ್ತಲಲ್ಲಿ ತಡವರಿಸಿದವರೇ.

ಈಗ ಅಷ್ಟು ಕತ್ತಲಿಲ್ಲ. ಸೋಂಕು ತಗಲಿದ ಒಂದರಿಂದ ನಾಲ್ಕು ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುವುದು. ಕಾಣಿಸಿಕೊಳ್ಳುವುದಕ್ಕೆ ಒಂದು ದಿನ ಮೊದಲೇ ರೋಗಿಯು ಪರರಿಗೆ ಅದನ್ನು ಹಂಚಬಲ್ಲನು. ಬಳಿಕ ಐದಾರು ದಿನ ಹಂಚುತ್ತಲೇ ಇರುವನು. ಈ ಒಂದು ಮಾತನ್ನು ತಾವು ನೆನಪಿಟ್ಟುಕೊಂಡರೆ ನಮ್ಮ ಮುಂದಿನ ವಾದವೆಲ್ಲ ಸುಲಭ. ಕೆಮ್ಮುವವನನ್ನು ಬಸ್ಸಿನಿಂದ ಇಳಿಸಿದರೂ, ಇನ್ನೂ ಕೆಮ್ಮು ಹತ್ತದ, ನಾಳೆ ಜ್ವರದಲ್ಲಿ ಮಲಗಲಿರುವ ಮನುಷ್ಯನು ನಮ್ಮ ತೋಳಿಗೆ ತೋಳು ತಾಗಿಸಿ ಕುಳಿತೇ ಇರುವನು. 2009ರಲ್ಲಿ ಎಚ್1ಎನ್1 ಬಂದಾಗ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈಬಿಸಿಯನ್ನು ನೋಡಿ ಒಳಗೆ ಬಿಟ್ಟರು; ಮೈ ಬಿಸಿಯಾಗುವ ಮೊದಲೇ ಬಂದಿಳಿದವರೊಡನೆ ಜ್ವರವೂ ಬಂದಿಳಿಯಿತು. ಆ ಜೂನ್ 11ರಂದು ಅದನ್ನು ಜಗದ್ವ್ಯಾಪಿ ರೋಗವೆಂದು ಸಾರಿದ ವಿಶ್ವ ಆರೋಗ್ಯ ಸಂಸ್ಥೆಯು ಗಡಿಗಳನ್ನು ಮುಚ್ಚಿರೆಂದು ಯಾವ ರಾಷ್ಟ್ರಕ್ಕೂ ಸಲಹೆಯಿತ್ತುದಿಲ್ಲ.

ದಾರಿ ತಡೆಯುವುದರಿಂದ ಎಂದೂ ಪ್ರಯೋಜನವಿಲ್ಲವೆಂದು ನಾವು ವಾದಿಸುವವರಲ್ಲ. ಎದುರು ಪಕ್ಷದ ಸಾಕ್ಷಿಯನ್ನೂ ಹೇಳಬೇಕಷ್ಟೆ. 1918ರ ನವೆಂಬರಿನಲ್ಲಿ ಟಾಲೂನ್ ಎಂಬ ಹಡಗು ಪೆಸಿಫಿಕ್ ಸಮುದ್ರದ ಪಶ್ಚಿಮ ಸಮೋವಾ ದ್ವೀಪಕ್ಕೆ ರೋಗಿಗಳನ್ನು ಹೊತ್ತು ತಂದಿತು, ತಡೆಯುವವರಿಲ್ಲ, ದ್ವೀಪದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಪಕ್ಕದ ಅಮೆರಿಕನ್ ಸಮೋವಾದ ಅಧಿಕಾರಿಗಳು ಹಡಗುಗಳನ್ನು ದೂರವಿಟ್ಟರು; ಅಲ್ಲಿ ಒಬ್ಬರೂ ಸಾಯಲಿಲ್ಲ. ಆದರೆ ಅದು ಸಮುದ್ರದ ನಡುವಣ ನಡುಗಡ್ಡೆ. ಬಂಟ್ವಾಳವು ನಡುಗಡ್ಡೆಯಲ್ಲ. ನೇತ್ರಾವತಿಯಲ್ಲಿ ದೋಣಿಗಳು ಓಡಾಡುತ್ತಿದ್ದ ಕಾಲದಿಂದಲೂ ಇದು ಘಟ್ಟಕ್ಕೂ ಕಡಲಿಗೂ ನಡುವಣ ಸಂತೆಯ ಊರು. ಬೆಂಗಳೂರಿನ ದಾರಿ, ಚಾರ್ಮಾಡಿಯ ದಾರಿ, ವಿಟ್ಲದ ಮೇಲಿಂದ ಕಾಸರಗೋಡಿನ ದಾರಿ, ಎಲ್ಲಕ್ಕೂ ಇಲ್ಲಿಯೇ ಕವಲು. ಬೆಳ್ತಂಗಡಿಯ ದಾರಿಯಲ್ಲಿ ಧರ್ಮಸ್ಥಳಕ್ಕೆ ನಿತ್ಯವೂ ನಾಡಿನ ಮೂಲೆಮೂಲೆಯ ಯಾತ್ರಿಕರು. ಈ ಮೂಡಬಿದಿರೆಯಲ್ಲಿಯೋ, ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಒಂದು ಕಡೆ, ವಿದ್ಯಾರ್ಥಿನಿಲಯಗಳಲ್ಲಿ ತುಂಬಿರುವ ಪರಊರ ಮಕ್ಕಳು ಇನ್ನೊಂದು ಕಡೆ. ಇಂತಹ ನಾಡಿಗೆ ಬಾಗಿಲು ಹಾಕುವುದೆಂದರೆ ಉಸಿರನ್ನು ಕಟ್ಟಿದಂತೆ. ಕ್ಷಣಕಾಲ ಸಾಧ್ಯ, ಬಹುಕಾಲ ಅಸಾಧ್ಯ.

ಬಾಗಿಲು ಹಾಕಿ ನೋಡಿದುದೂ ಆಯಿತು. 2020ರ ಕೋವಿಡ್ ಇನ್‌ಫ್ಲುಯೆಂಜಾ ಅಲ್ಲ, ಬೇರೆ ಕುಲದ ವೈರಾಣು. ಆದರೆ ಭಯ ಒಂದೇ ಕುಲದ್ದು. ಆ ಮಾರ್ಚ್ ತಿಂಗಳಲ್ಲಿ ಕಾಸರಗೋಡಿನಲ್ಲಿ ರೋಗ ಹೆಚ್ಚಿತೆಂದು ನಮ್ಮ ಕರ್ನಾಟಕ ಸರಕಾರವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣಿನ ರಾಶಿ ಸುರಿಯಿತು. ಭಯಕ್ಕೆ ಕಾರಣವಿರಲಿಲ್ಲವೆಂದಲ್ಲ, ಕಾಸರಗೋಡಿನ ಸಂಖ್ಯೆ ಆಗ ನಿಜವಾಗಿಯೂ ದೊಡ್ಡದಿತ್ತು. ಆದರೆ ಆ ಮಣ್ಣಿನ ರಾಶಿ ಬಿದ್ದುದು ಎಲ್ಲಿ? ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ನೆಲದ ನಡುವೆ. ಕಾಸರಗೋಡು ತಾಲೂಕು ದಕ್ಷಿಣ ಕನ್ನಡದ ಅಂಗವಾಗಿದ್ದು, 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕನ್ನಡ ನಾಡಿಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವೇ ಹೇಳಿತು. ಆ ವರದಿಯ ಗತಿ ತಮಗೆ ತಿಳಿದಿದೆ. ನಕಾಶೆಯಲ್ಲಿ ಗೆರೆ ಬಿದ್ದರೂ ಸಂಬಂಧಗಳಲ್ಲಿ ಬಿದ್ದಿರಲಿಲ್ಲ. ನಮ್ಮ ತಾಲೂಕಿನ ಕನ್ಯಾನ, ಕರೋಪಾಡಿಗಳಲ್ಲಿ ಗದ್ದೆ ಈಚೆ, ತವರು ಆಚೆ. ಮಂಜೇಶ್ವರದವರಿಗೆ ಹೆರಿಗೆಯಾಗಲಿ ಎದೆನೋವಾಗಲಿ, ಆಸ್ಪತ್ರೆಯೆಂದರೆ ಮಂಗಳೂರೇ. ಆ ವಾರಗಳಲ್ಲಿ ರೋಗಿಗಳನ್ನು ಹೊತ್ತ ವಾಹನಗಳು ತಲಪಾಡಿಯಿಂದ ಹಿಂದಿರುಗಿದುವು. ಚಿಕಿತ್ಸೆ ಸಿಕ್ಕದೆ ಸತ್ತವರೂ ಉಂಟು. ಅವರನ್ನು ಕೊಂದುದು ಕೋವಿಡ್ ಅಲ್ಲ.

ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ಈ ತಡೆಯು ಪ್ರಜೆಯ ಸಂಚಾರದ ಹಕ್ಕಿಗೂ ಜೀವದ ಹಕ್ಕಿಗೂ ವಿರುದ್ಧವೆಂದು ಹೇಳಿ, ಕೇಂದ್ರ ಸರಕಾರವು ದಾರಿ ತೆರೆಯಿಸಬೇಕೆಂದು ಆಜ್ಞೆ ಮಾಡಿತು. ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ಕೋವಿಡ್ ಅಲ್ಲದ ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಬಿಡುವುದೆಂದು ಉಭಯ ರಾಜ್ಯಗಳು ಒಪ್ಪಿದುದಾಗಿ ತಿಳಿಸಿದ ಮೇಲೆ ಅದು ಮುಗಿಯಿತು. ಕಾಸರಗೋಡು ನಮ್ಮದೆಂದು ವೇದಿಕೆಯ ಮೇಲೆ ಗುಡುಗುವವರು ಆ ಎರಡು ವಾರ ಏನು ಮಾಡಿದರು? ನಮ್ಮನ್ನೂ ಸೇರಿಸಿಯೇ ಕೇಳುತ್ತೇವೆ. ಅಣ್ಣತಮ್ಮಂದಿರೆಂದು ಭಾಷಣದಲ್ಲಿ ಕರೆದವರ ಮುಂದೆ ಮಣ್ಣು ಸುರಿದಾಗ ನಮ್ಮಲ್ಲಿ ಎಷ್ಟು ಮಂದಿ ಕನ್ನಡಿಗರು ಸರಕಾರಕ್ಕೆ ಒಂದು ಕಾಗದ ಬರೆದೆವು?

ವಿಧಿಯ ವಿನೋದವನ್ನು ನೋಡಿರಿ. ತಲಪಾಡಿ ತೆರೆದು ಹದಿನೈದು ದಿನ ಆಗಿರಲಿಲ್ಲ, ಏಪ್ರಿಲ್ 19ರಂದು ದಕ್ಷಿಣ ಕನ್ನಡದ ಮೊದಲ ಕೋವಿಡ್ ಮರಣ ನಮ್ಮ ಬಂಟ್ವಾಳದವರದೇ ಆಯಿತು. ಪೇಟೆಗೆ ಬೀಗ ಬಿತ್ತು. ಕೆಲವೇ ದಿನಗಳಲ್ಲಿ ಇನ್ನೊಬ್ಬರು ತೀರಿಕೊಂಡಾಗ ಮಂಗಳೂರಿನ ಸ್ಮಶಾನಗಳ ಹತ್ತಿರ ಜನ ಗುಂಪುಗೂಡಿ ಶವಸಂಸ್ಕಾರವನ್ನು ತಡೆದರು. ಕಟ್ಟಕಡೆಗೆ ರಾತ್ರಿಯ ವೇಳೆ ಬಿ.ಸಿ. ರೋಡಿನ ಕೈಕುಂಜೆಯಲ್ಲಿ ಚಿತೆ ಉರಿಯಿತು. ಕಾಸರಗೋಡಿನವರಿಗೆ ನಾವು ತೋರಿಸಿದ ಮುಖವನ್ನೇ ಊರೂರಿನವರು ನಮಗೆ ತೋರಿಸಿದರು. ಬಂಟ್ವಾಳದವನೆಂದು ಹೇಳಿಕೊಳ್ಳಲು ನಾವು ಹಿಂಜರಿದ ದಿನಗಳವು. ನಮ್ಮ ಕಕ್ಷಿದಾರನೊಬ್ಬನು ಪುತ್ತೂರಿನಲ್ಲಿ ಮನೆ ವಿಳಾಸ ಕೇಳಿದಾಗ ಮಾವನ ಮನೆಯ ವಿಳಾಸವನ್ನು ಕೊಟ್ಟನಂತೆ. ವಕೀಲರಾಗಿ ನಾವು ಅವನನ್ನು ಗದರಬೇಕಾಗಿತ್ತು, ಗದರಲಿಲ್ಲ.

ಕಾನೂನಿನ ಮಾತು ಸ್ವಲ್ಪ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ ಆಂಗ್ಲ ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ನಾಲ್ಕೇ ಪ್ರಕರಣಗಳ ಪುಟ್ಟ ಕಾಯಿದೆ: ಪ್ರಯಾಣಿಕರನ್ನು ತಪಾಸಣೆ ಮಾಡುವ, ಹಿಡಿದಿಡುವ ಅಧಿಕಾರ; ಮೀರಿದವರಿಗೆ ದಂಡನೆ; ಅಧಿಕಾರಿಗಳ ಮೇಲೆ ದಾವೆ ಹೂಡದಂತೆ ರಕ್ಷಣೆ. ರೋಗಿಗೆ ಸಲ್ಲತಕ್ಕದ್ದೇನೆಂಬುದಕ್ಕೆ ಒಂದು ಸಾಲೂ ಇಲ್ಲ. ಆ ಅಧಿಕಾರವು ಪುಣೆಯಲ್ಲಿ ಜನರ ಮನೆ ಹೊಕ್ಕು ಏನೇನು ಮಾಡಿತು, ಲೋಕಮಾನ್ಯರು ಸೆರೆಮನೆಗೆ ಏಕೆ ಹೋದರು, ಅಧ್ಯಾಪಕರಿಗೆ ನಾವು ಹೇಳಬೇಕಾದುದಿಲ್ಲ. ಸ್ವತಂತ್ರ ಭಾರತವು 2020ರಲ್ಲಿಯೂ ಮೊದಲು ಕೈಗೆತ್ತಿಕೊಂಡ ಆಯುಧಗಳಲ್ಲಿ ಅದೇ ಒಂದು.

ಹಾಗಾದರೆ ಸುಮ್ಮನಿರುವುದೆ? ಇಲ್ಲ. ಪರರ ದಾರಿಯನ್ನು ತಡೆಯುವುದಕ್ಕಿಂತ ಜ್ವರ ಬಂದಾಗ ನಮ್ಮ ಕಾಲನ್ನು ನಾವೇ ತಡೆಯುವುದು ಲೇಸೆಂದು ನಮ್ಮ ಅಭಿಮತ. ಈ ಮಾತು ಹೇಳುವುದಕ್ಕೆ ಸುಲಭ. ಬೀಡಿ ಕಟ್ಟುವ ಹೆಂಗಸು ಒಂದು ವಾರ ಮಲಗಿದರೆ ಆ ವಾರದ ಕೂಲಿಯೇ ಇಲ್ಲ. ಆಕೆ ಜ್ವರದಲ್ಲಿಯೂ ಬುಟ್ಟಿ ಹಿಡಿದು ಬ್ರಾಂಚಿಗೆ ಬರುವಳು. ಆಕೆಯನ್ನು ದೂಷಿಸುವ ಮೊದಲು ಆ ವಾರದ ಅಕ್ಕಿ ಎಲ್ಲಿಂದ ಬರಬೇಕೆಂಬುದನ್ನು ಪಂಚಾಯತಿನವರೂ ಬೀಡಿ ಧಣಿಗಳೂ ಕುಳಿತು ಯೋಚಿಸಬೇಕು.

ತಮ್ಮ ಕೈಯಲ್ಲಿಯೇ ಇರುವ ಸಂಗತಿಯೊಂದುಂಟು. ಅದಕ್ಕಾಗಿಯೇ ಈ ಸಭೆಯನ್ನು ಆರಿಸಿಕೊಂಡೆವು. ವರ್ಷವಿಡೀ ಒಂದು ದಿನವೂ ತಪ್ಪದೆ ಬಂದ ಮಗುವಿಗೆ ಎಷ್ಟೋ ಶಾಲೆಗಳಲ್ಲಿ ಬಹುಮಾನ ಕೊಡುತ್ತೀರಿ. ನಮ್ಮ ಮನೆಯ ಹುಡುಗಿಯೇ ಒಮ್ಮೆ ಮೈ ಕೆಂಡದಂತೆ ಸುಡುತ್ತಿರಲು, ಬಹುಮಾನ ತಪ್ಪೀತೆಂದು ಅತ್ತು, ತಾಯಿಯನ್ನು ಒಪ್ಪಿಸಿ ಬಸ್ಸು ಹತ್ತಿದಳು. ವಾರದೊಳಗೆ ಆ ತರಗತಿಯ ಅರ್ಧ ಬೆಂಚುಗಳು ಖಾಲಿ. ಬಹುಮಾನವೇನೋ ಬಂದಿತು, ಗೋಡೆಯ ಮೇಲೆ ಈಗಲೂ ತೂಗುತ್ತಿದೆ. ಅದನ್ನು ನೋಡಿದಾಗಲೆಲ್ಲ ವಗ್ಗದ ಮುದುಕರು ನೆನಪಾಗುವರು. ಅವರನ್ನು ಇಳಿಸಿದ ಬಸ್ಸಿನಲ್ಲಿ ಇವಳನ್ನು ಯಾರೂ ಇಳಿಸಲಿಲ್ಲ. ಸಮವಸ್ತ್ರ ತೊಟ್ಟ ಮಗು, ಈ ಊರಿನದೇ. ಆ ಬಹುಮಾನವನ್ನು ಈ ವರ್ಷದಿಂದ ನಿಲ್ಲಿಸಿರೆಂದೂ, ಜ್ವರದ ರಜೆಗೆ ಮಕ್ಕಳಲ್ಲಿ ವೈದ್ಯರ ಚೀಟಿಯನ್ನು ಕೇಳದಿರಿರೆಂದೂ ಬೇಡುತ್ತೇವೆ.

ಆಟಿಯ ತಿಂಗಳು ಬಂದರೆ ಕಳಂಜನು ಮನೆಮನೆಗೆ ಬಂದು ಮಾರಿಯನ್ನು ಕಳೆಯುವನು. ಅಮಾವಾಸ್ಯೆಯ ಮುಂಜಾವದಲ್ಲಿ ಹಾಲೆಮರದ ತೊಗಟೆಯ ಕಷಾಯವನ್ನು ನಾವೂ ತಪ್ಪದೆ ಕುಡಿಯುತ್ತೇವೆ. ಕುಡಿಯೋಣ. ಆದರೆ ಇನ್‌ಫ್ಲುಯೆಂಜಾಕ್ಕೆ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಲಸಿಕೆ ಇದೆ. ಜ್ವರ ಹತ್ತಿದ ಎರಡು ದಿನಗಳೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುವ ಔಷಧವೂ ಇದೆ. ವಯಸ್ಸಾದವರು, ಬಸುರಿಯರು, ಎಳೆಮಕ್ಕಳು, ಸಕ್ಕರೆ ಕಾಯಿಲೆಯವರು, ದಮ್ಮಿನವರು ತಡಮಾಡದೆ ವೈದ್ಯರನ್ನು ಕಾಣಬೇಕು. ಇದರ ವಿವರವನ್ನು ಹೇಳತಕ್ಕವರು ನಮ್ಮ ಬಲಗಡೆ ಕುಳಿತಿರುವ ಡಾಕ್ಟರರು. ಬೆಳ್ತಂಗಡಿಯ ಕಡೆಗೆ ಹೋಗುವವರಿಗೆ ಬಸ್ಸಿನ ಹೊತ್ತೂ ಸಮೀಪಿಸುತ್ತಿದೆ. ಅವರಿಗೆ ಎಡೆಮಾಡಿಕೊಟ್ಟು ನಾವು ಕುಳಿತುಕೊಳ್ಳುವೆವು.