ಮುರಿದ ಆಕ್ಸಲಿನ ಸಾಕ್ಷ್ಯ

(ನೆರಿಯದಲ್ಲಿ ಲಾರಿ ಕೆಲಸಗಾರರ ಸಭೆಯಲ್ಲಿ ಆಡಿದ ಮಾತು)



ಮಾಸ್ತರಿಕೆ ಬಿಟ್ಟು ಬಂದವನಿಗೆ ಆಕ್ಸಲು, ಗೇರುಗಳ ಉಸಾಬರಿ ಏಕೆಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ. ನಾನು ಸ್ಪ್ಯಾನರು ಹಿಡಿದು ಕಲಿತವನಲ್ಲ. ಲಾರಿಯಡಿ ಮಲಗಿ ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು ಕೇಳಿ ತಿಳಿದವನು. ತಪ್ಪಿದ್ದರೆ ಇಲ್ಲಿಯೇ ತಿದ್ದಿರಿ.

ಹೋದ ಮಳೆಗಾಲದ ಕೊನೆಗೆ, ಇದೇ ಊರಿನ ಒಂದು ರಬ್ಬರು ತೋಟದಿಂದ ದಿಮ್ಮಿ ಹೇರಿಕೊಂಡು ಏರು ಹತ್ತುತ್ತಿದ್ದ ಲಾರಿಯೊಂದರ ಹಿಂದಿನ ಆಕ್ಸಲು ತುಂಡಾಯಿತು. ಮಾಲಿಕರು ಲಾರಿಯನ್ನು ನೋಡುವ ಮೊದಲೇ ತೀರ್ಪು ಕೊಟ್ಟರು: ಡ್ರೈವರನು ಕ್ಲಚ್ಚನ್ನು ತಟ್ಟನೆ ಬಿಟ್ಟನು, ಆದುದರಿಂದ ರಿಪೇರಿಯ ಹಣ ಅವನ ಸಂಬಳದಿಂದ ವಜಾ. ಲಾರಿ ಮೂರು ದಿನ ನಿಂತಿತು. ಆ ಮೂರು ದಿನವೂ ಅದರ ಕಾವಲಿಗೆ ಮಲಗಿದ ಕ್ಲೀನರ ಹುಡುಗನಿಗೆ ಭತ್ತೆಯೂ ಇಲ್ಲ.

ಈ ಆಕ್ಸಲು ಎಂಬುದು ಏನು ಮಾಡುತ್ತದೆ? ದೊಡ್ಡ ಲಾರಿಗಳಲ್ಲಿ ದಿಮ್ಮಿಯ ಭಾರವನ್ನು ಹೊರುವುದು ಹೊರಗಿನ ಹೌಸಿಂಗು. ಒಳಗಿನ ದಂಡಕ್ಕೆ ಒಂದೇ ಕೆಲಸ, ಚಕ್ರವನ್ನು ತಿರುಗಿಸುವುದು. ಎಂಜಿನಿನ ತಿರುಚು ಮೊದಲನೆಯ ಗೇರಿನಲ್ಲಿ ಆರು ಪಟ್ಟು, ಹಿಂದಿನ ಕ್ರೌನ್ ಪಿನಿಯನ್ನಿನಲ್ಲಿ ಮತ್ತೆ ಆರು ಪಟ್ಟು ಆಗುತ್ತದೆಂದು ಲೆಕ್ಕ ಹಿಡಿಯಿರಿ: 36 ಪಟ್ಟು. ಅಷ್ಟನ್ನೂ ತಾಳಬೇಕಾದವು ಎರಡು ಉಕ್ಕಿನ ದಂಡಗಳು. ಭಾರ ಹೆಚ್ಚಿದಷ್ಟೂ ಏರಿನಲ್ಲಿ ತಿರುಚು ಹೆಚ್ಚು. ಇನ್ನು ನಮ್ಮ ತೋಟದ ದಾರಿಗಳೋ! ಒಂದು ಚಕ್ರ ಕೆಸರಿನಲ್ಲಿ ಗಿರಗಿರನೆ ತಿರುಗಿ, ಮರುಕ್ಷಣ ಮುರಕಲ್ಲನ್ನು ಕಚ್ಚಿದರೆ ಆ ಪೆಟ್ಟೆಲ್ಲ ದಂಡಕ್ಕೆ. 2018ರ ಜುಲೈಯಲ್ಲಿ ನಾಲ್ಕು ಟೈರಿನ ಆಕ್ಸಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಕಾಗದದಲ್ಲಿ ಏರಿತು, ಹಳೆಯ ಲಾರಿಯ ಉಕ್ಕೇನೂ ಅದರಿಂದ ದಪ್ಪವಾಗಲಿಲ್ಲ.

ಆ ಮುರಿದ ತುಂಡನ್ನು ನಾನು ಗೋಣಿಯಲ್ಲಿ ಸುತ್ತಿ ತಂದಿದ್ದೇನೆ, ಇದೋ ಮೇಜಿನ ಮೇಲಿದೆ. ಮುರಿದ ಮುಖವನ್ನು ನೋಡಿ. ಅಂಚಿನಿಂದ ಒಳಕ್ಕೆ ಅರ್ಧದಷ್ಟು ಕಪ್ಪಾಗಿದೆ, ನಯವಾಗಿದೆ, ಕಡಲತಡಿಯ ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ಗೆರೆಗಳಿವೆ. ಉಳಿದರ್ಧ ಹೊಳೆಯುತ್ತಿದೆ, ಒರಟಾಗಿದೆ. ಹೊಳೆಯುವ ಭಾಗ ಮಾತ್ರ ಅಂದು ಮುರಿದದ್ದು. ಕಪ್ಪಾದ ಭಾಗ ಎಷ್ಟೋ ಲೋಡುಗಳ ಹಿಂದೆಯೇ ಬಿರುಕು ಬಿಟ್ಟು, ಟ್ರಿಪ್ಪಿಗೆ ಕೂದಲೆಳೆಯಷ್ಟು ಬೆಳೆಯುತ್ತ ಬಂದದ್ದು. ಅಂದು ಕ್ಲಚ್ಚನ್ನು ಹೂವಿನಂತೆ ಬಿಟ್ಟಿದ್ದರೂ ಅದು ಮತ್ತೊಂದು ವಾರ ಬದುಕುತ್ತಿತ್ತೋ ಏನೋ. ಡ್ರೈವರರ ತಪ್ಪು ಎಂದೂ ಇರದೆಂದು ನಾನು ವಾದಿಸಲಾರೆ. ಮುಖವೆಲ್ಲ ಹೊಸದಾಗಿ ಹೊಳೆಯುತ್ತ, ದಂಡ ತಿರುಚಿಕೊಂಡಿದ್ದರೆ, ಅದು ಒಂದೇ ಪೆಟ್ಟಿನ ಕೆಲಸ, ಆಗ ಒಪ್ಪಿಕೊಳ್ಳೋಣ. ಆದರೆ ಈ ತುಂಡಿನ ಸಾಕ್ಷ್ಯ ಬೇರೆ.

ಆದುದರಿಂದ ಮೊದಲನೆಯ ಮಾತು, ಮುರಿದ ತುಂಡನ್ನು ಗುಜರಿಗೆ ಹಾಕಬೇಡಿ.

ಎರಡನೆಯದು ಜೀವದ ಮಾತು. ಆಕ್ಸಲು ತುಂಡಾದೊಡನೆ ಎಂಜಿನು ಕೂಗುತ್ತದೆ, ಕೆಳಗಿನ ಶಾಫ್ಟು ತಿರುಗುತ್ತದೆ, ಲಾರಿ ಮಾತ್ರ ಮುಂದೆ ಹೋಗದು. ಆಗ ಗೇರಿಗೆ ಹಾಕಿ ನಿಲ್ಲಿಸಿದ್ದೇನೆಂದು ನಂಬಿ ಕೆಳಗೆ ನುಸುಳುವವರಿದ್ದಾರೆ. ಎಂಜಿನಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋದ ಮೇಲೆ ಗೇರು ಯಾವುದನ್ನು ಹಿಡಿದೀತು? ಮಹಾಯುದ್ಧದ ತರುವಾಯ ಕೂಪುಗಳಿಗೆ ಬಂದ ಮಿಲಿಟರಿ ಲಾರಿಗಳು ಕೆಲವಕ್ಕೆ ಹ್ಯಾಂಡ್‌ಬ್ರೇಕೂ ಶಾಫ್ಟಿನ ಮೇಲೆಯೇ ಇತ್ತು. ಆಕ್ಸಲು ಹೋದರೆ ಅದೂ ಹೋದಂತೆಯೇ. ಚಕ್ರಗಳಿಗೆ ದೊಡ್ಡ ಕಲ್ಲು, ಮರದ ತುಂಡುಗಳನ್ನು ಅಡ್ಡ ಕೊಟ್ಟ ಮೇಲೆಯೇ ಕೈ ಹಚ್ಚಬೇಕು. ಇಳಿಜಾರಾದರೆ ದಿಮ್ಮಿ ಇಳಿಸಿಯೇ ಹಚ್ಚಬೇಕು. ಇಳಿಸಿ ಮತ್ತೆ ಹೇರುವ ಕೂಲಿಯನ್ನು ಉಳಿಸಲೆಂದೇ ಎಷ್ಟೋ ಕಡೆ ಈ ಮಾತನ್ನು ಮರೆಸುತ್ತಾರೆ.

ರಿಪೇರಿಯೂ ಅರೆಬರೆ ಆಗಬಾರದು. ಹಬ್ಬಿನ ಬೋಲ್ಟು ಬಿಚ್ಚಿದರೆ ಹೊರಗಿನ ತುಂಡು ಸುಲಭವಾಗಿ ಬರುತ್ತದೆ. ಒಳಗೆ ಉಳಿದ ಮೊಂಡು ತುಂಡನ್ನು ತೆಗೆಯುವುದೇ ಕಷ್ಟ. ತಂತಿಯ ಕುಣಿಕೆಗೆ ಬಾರದಿದ್ದರೆ ಆಚೆಯ ಆಕ್ಸಲನ್ನೂ ಎಳೆದು ಆ ಕಡೆಯಿಂದ ಸರಳು ತೂರಿ ನೋಡಬೇಕು. ಅದೂ ಆಗದಿದ್ದರೆ ಡಿಫರೆನ್ಶಿಯಲ್ಲನ್ನೇ ಇಳಿಸಬೇಕು. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಉಕ್ಕಿನ ಚೂರು ಉಳಿದಿಲ್ಲವೆಂದು ಕಂಡುಕೊಳ್ಳಬೇಕು. ಒಂದು ಚೂರು ಹಲ್ಲಿಗೆ ಸಿಕ್ಕಿದರೂ ಕ್ರೌನು ಹೋಯಿತು. ಕ್ರೌನು ಹೋದರೆ ಪಿನಿಯನ್ನನ್ನೂ ಜೋಡಿಯಾಗಿಯೇ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಅರೆದು ಹೊಂದಿಸಿರುತ್ತಾರೆ, ಒಂದರ ಗಂಡ ಇನ್ನೊಂದಕ್ಕೆ ಆಗದು. ಮುರಿದ ದಂಡಕ್ಕೆ ವೆಲ್ಡಿಂಗು ಮಾಡಿಸಿ ಕಳುಹಿಸುವ ಮಾಲಿಕರಿದ್ದರೆ ಆ ಲಾರಿಯನ್ನು ಅವರೇ ಓಡಿಸಲಿ.

ಇನ್ನು ವಜಾದ ಮಾತು. 1936ರ ವೇತನ ಪಾವತಿ ಕಾಯ್ದೆಯಲ್ಲಿಯೇ ಬರೆದಿತ್ತು: ನಷ್ಟಕ್ಕಾಗಿ ಸಂಬಳದಿಂದ ಹಿಡಿಯಬೇಕಾದರೆ ಆ ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. 2019ರ ವೇತನ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ನಮ್ಮ ಡ್ರೈವರನನ್ನು ಕೇಳಿದವರು ಯಾರು? 1961ರಲ್ಲಿ ಬಂದ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು. ಆದರೆ ಅದು ಐದು ಜನರಿಗಿಂತ ಕಡಿಮೆ ಕೆಲಸಗಾರರಿರುವ ಮಾಲಿಕರನ್ನು ತಾನಾಗಿ ಮುಟ್ಟುತ್ತಿರಲಿಲ್ಲ. ಒಂದು ಲಾರಿ, ಒಬ್ಬ ಡ್ರೈವರ, ಒಬ್ಬ ಕ್ಲೀನರ: ಮರ ಸಾಗಿಸುವವರಲ್ಲಿ ಅನೇಕರ ಗತಿ ಇದೇ. ಆ ಕಾಯ್ದೆಯ ಹೊರಗೆ ಉಳಿದವರೇ ನೀವು.

ಬರುವ ಸೋಮವಾರ ಬೆಳಿಗ್ಗೆ ಈ ತುಂಡನ್ನು ಹಿಡಿದುಕೊಂಡು ಮಾಲಿಕರ ಮನೆಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಹಿಡಿದ ಸಂಬಳ ಹಿಂದಕ್ಕೆ ಬರಬೇಕು, ಹುಡುಗನ ಮೂರು ದಿನದ ಭತ್ತೆಯೂ ಬರಬೇಕು. ಅಲ್ಲಿ ಆಗದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ. ಅದನ್ನು ಬರೆದು ತಂದಿದ್ದೇನೆ. ಸಹಿ ಹಾಕುವವರು, ಜೊತೆಗೆ ಬರುವವರು ಈಗಲೇ ಮುಂದೆ ಬನ್ನಿ. ಬರುವಾಗ ಮೇಜಿನ ಮೇಲಿನದನ್ನು ಕೈಯಲ್ಲಿ ಹಿಡಿದು ನೋಡಿ.